'ಧರ್ಮಕಾರಣ'ದ ನಿಷೇಧ ಮತ್ತು ಧರಣಿಪಂಡಿತನ ಕಾವ್ಯ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ದೇವಸಮುದ್ರದಂತಹ ಬಯಲುಸೀಮೆಯ ಊರುಗಳ ನಡುವೆ, ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬೆಟ್ಟಗಳಿವೆ. ಅಲ್ಲಿನ ಬಂಡೆಗಳ ಮೇಲಿದ್ದ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಉಪದೇಶ ಬ್ರಹ್ಮಗಿರಿಯ ಬಂಡೆಯಲ್ಲಿದೆ. ಇದೇ ಚಕ್ರವರ್ತಿಯ ಹನ್ನೆರಡನೆಯ ಶಿಲಾಶಾಸನದ ಒಂದು ಪ್ರತಿ 1980ರ ದಶಕದ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆಯಿತು. ತನ್ನ ಮತವನ್ನು ಹೊಗಳಿಕೊಳ್ಳುವ, ಅಕಾರಣವಾಗಿ ಪರಮತವನ್ನು ಹಳಿಯುವ ಪ್ರವೃತ್ತಿಗೆ ಕಡಿವಾಣವಿರಬೇಕು, ಧರ್ಮಗಳ ಸಾರ ಬೆಳೆಯುವುದಕ್ಕೆ ವಾಕ್ಕಿನ ಸಂಯಮವೇ ಮೂಲ ಎಂಬುದು ಆ ಶಾಸನದ ಆಶಯ. ಅಲ್ಲಿ ಬಳಕೆಯಾಗಿರುವ 'ವಚಿಗುತಿ' ಎಂಬ ಪ್ರಾಕೃತ ಶಬ್ದ ಜೈನ ಶ್ರಾವಕರಿಗೆ ಅಪರಿಚಿತವೇನಲ್ಲ. ತ್ರಿಗುಪ್ತಿಗಳಲ್ಲಿ ಒಂದಾದ ವಾಗ್ಗುಪ್ತಿಯೇ ಅದು.

ಸತ್ಯವನ್ನು ನುಡಿಯಬೇಕು, ನುಡಿಯನ್ನು ಕಾಯಬೇಕು. ಕನ್ನಡ ನಾಡಿನ ಎರಡು ಕಲ್ಲುಗಳ ಮೇಲೆ ಬರೆದಿರುವ ಈ ಎರಡು ವಿಧಿಗಳು ಬಹುಪಾಲು ಸಂದರ್ಭಗಳಲ್ಲಿ ಒಂದರ ಜೊತೆಗೊಂದು ಹೊಂದಿಕೊಂಡೇ ನಡೆಯುತ್ತವೆ. ಅವು ಪರಸ್ಪರ ಎದುರಾಗಿ ನಿಂತ ಸಂದರ್ಭವೊಂದು 1995ರ ನಂತರ ಕರ್ನಾಟಕದಲ್ಲಿ ಒದಗಿತು. ಡಾ. ಪಿ. ವಿ. ನಾರಾಯಣ ಅವರ 'ಧರ್ಮಕಾರಣ' ಎಂಬ ಕಾದಂಬರಿಯ ಪ್ರಕರಣ ಅದು. ಪುಸ್ತಕ ಬಸವಣ್ಣನವರ ಕಾಲವನ್ನು ಕುರಿತದ್ದು. ನೊಂದವರು ವೀರಶೈವ ಸಮಾಜದವರು. ತೀರ್ಮಾನ ಹೇಳಿದ್ದು ಸರ್ಕಾರ ಮತ್ತು ನ್ಯಾಯಾಲಯ. ಹೀಗಿರುವಾಗ ಜೈನರಿಗೆ ಇದರಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸ ಇದೆ. ಅದಕ್ಕೆ ಮೊದಲು ಪ್ರಕರಣ ನಡೆದ ಬಗೆಯನ್ನು ನೋಡುವುದು ಉಚಿತ.

ಪಿ. ವಿ. ನಾರಾಯಣ ಅವರು ವಚನ ಸಾಹಿತ್ಯವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ ವಿದ್ವಾಂಸರು. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ವಸ್ತುವಾಗಿಸಿಕೊಂಡ ಅವರ ಕಾದಂಬರಿ 1995ರಲ್ಲಿ ಪ್ರಕಟವಾಯಿತು. ಆ ಸಾಲಿನ ಉತ್ತಮ ಕೃತಿಯೆಂದು ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಪ್ರಶಸ್ತಿ ಬಂದ ಮೇಲೆಯೇ ಪುಸ್ತಕ ಹೆಚ್ಚು ಜನರ ಕಣ್ಣಿಗೆ ಬಿದ್ದದ್ದು ಎಂದರೆ ತಪ್ಪಾಗದು. ಸಾಮಾನ್ಯವಾಗಿ ಸಾಹಿತ್ಯಕೃತಿಗಳ ಮೇಲಿನ ಆಕ್ಷೇಪಗಳು ಹುಟ್ಟುವುದು ಅವು ಮಾರಾಟಕ್ಕೆ ಬಂದ ದಿನವಲ್ಲ, ಸರ್ಕಾರದ ಮನ್ನಣೆಯ ಮುದ್ರೆ ಬಿದ್ದ ದಿನ. ಬಸವಣ್ಣನವರ ಅಕ್ಕ ನಾಗಲಾಂಬಿಕೆಯವರನ್ನೂ ಅವರ ಪುತ್ರ ಚೆನ್ನಬಸವಣ್ಣನವರ ಜನನವನ್ನೂ ಕುರಿತು ಕಾದಂಬರಿಯಲ್ಲಿ ಬಂದ ಕೆಲವು ಮಾತುಗಳು ಪೂಜ್ಯ ವ್ಯಕ್ತಿಗಳ ಶೀಲಕ್ಕೆ ಕಳಂಕ ತರುತ್ತವೆ ಎಂದು ಸಮಾಜದ ಒಂದು ವರ್ಗ ದೂರಿತು. ಪ್ರಶಸ್ತಿಯನ್ನು ಹಿಂತೆಗೆದುಕೊಳ್ಳಬೇಕು, ಪುಸ್ತಕವನ್ನು ನಿಷೇಧಿಸಬೇಕು ಎಂಬ ಎರಡು ಬೇಡಿಕೆಗಳು ಒಟ್ಟಿಗೇ ಎದ್ದವು. ಸರ್ಕಾರವು ವಿಷಯವನ್ನು ಪರಿಶೀಲಿಸಿ, ಕೊನೆಗೆ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನ ಅಡಿಯಲ್ಲಿ ಕಾದಂಬರಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಸೂಚನೆಯನ್ನು ಹೊರಡಿಸಿತು.

'ನಿಷೇಧ' ಎಂಬುದು ಆಡುಮಾತಿನ ಪದ. ಕಾನೂನಿನಲ್ಲಿ ಇರುವುದು ಮುಟ್ಟುಗೋಲು. ರಾಜದ್ರೋಹ, ಪಂಗಡಗಳ ನಡುವೆ ದ್ವೇಷ, ಅಶ್ಲೀಲತೆ, ಧಾರ್ಮಿಕ ಭಾವನೆಗಳಿಗೆ ಉದ್ದೇಶಪೂರ್ವಕ ಅಪಮಾನ ಮುಂತಾದ ಕೆಲವು ಅಪರಾಧಗಳ ವ್ಯಾಪ್ತಿಗೆ ಬರುವ ವಿಷಯ ಯಾವುದೇ ಪುಸ್ತಕದಲ್ಲಿದೆಯೆಂದು ರಾಜ್ಯ ಸರ್ಕಾರಕ್ಕೆ ತೋರಿದರೆ, ಅದರ ಪ್ರತಿಯೊಂದು ಪ್ರತಿಯನ್ನೂ ಸರ್ಕಾರಕ್ಕೆ ಸೇರಿದ್ದೆಂದು ಘೋಷಿಸಬಹುದು. ಪೊಲೀಸರು ಎಲ್ಲಿ ಕಂಡರೂ ವಶಪಡಿಸಿಕೊಳ್ಳಬಹುದು. ಈ ಅಧಿಕಾರ ಸ್ವತಂತ್ರ ಭಾರತದ ಸೃಷ್ಟಿಯಲ್ಲ. ಬ್ರಿಟಿಷರು 1922ರಲ್ಲಿ ಹಳೆಯ ಪತ್ರಿಕಾ ಕಾಯ್ದೆಯನ್ನು ರದ್ದುಮಾಡಿದಾಗ ಅದರ ಹಲ್ಲುಗಳನ್ನು ಮಾತ್ರ ಉಳಿಸಿಕೊಂಡು 1898ರ ಸಂಹಿತೆಗೆ 99ಎ ಎಂಬ ಕಲಮಾಗಿ ಸೇರಿಸಿದರು. ಲಾಹೋರಿನ 'ರಂಗೀಲಾ ರಸೂಲ್' ಪ್ರಕರಣದಲ್ಲಿ ಪ್ರಕಾಶಕ ರಾಜಪಾಲ್ 1927ರಲ್ಲಿ ಹೈಕೋರ್ಟಿನಿಂದ ಬಿಡುಗಡೆ ಹೊಂದಿದಾಗ ಎದ್ದ ಕೋಲಾಹಲದಿಂದ ಅದೇ ವರ್ಷ ಭಾರತ ದಂಡಸಂಹಿತೆಗೆ 295ಎ ಕಲಮು ಬಂದಿತು. ರಾಜಪಾಲನು 1929ರಲ್ಲಿ ಕೊಲೆಯಾದನು. ಕಾನೂನು ಬಂದರೂ ಮನುಷ್ಯನ ಪ್ರಾಣ ಉಳಿಯಲಿಲ್ಲ. 1973ರ ಸಂಹಿತೆಯಲ್ಲಿ ಹಳೆಯ 99ಎ ಕಲಮೇ 95 ಎಂಬ ಸಂಖ್ಯೆಯನ್ನು ಹೊತ್ತು ನಿಂತಿತು.

ಈ ಕಲಮಿಗೆ ಎರಡು ಕಟ್ಟುಗಳಿವೆ. ಸರ್ಕಾರವು ತನ್ನ ಅಭಿಪ್ರಾಯಕ್ಕೆ ಆಧಾರವೇನೆಂಬುದನ್ನು ಅಧಿಸೂಚನೆಯಲ್ಲಿಯೇ ಹೇಳಬೇಕು. ಆಧಾರ ಹೇಳದ ಆಜ್ಞೆ ನಿಲ್ಲುವುದಿಲ್ಲವೆಂದು ಹರ್ನಾಮ್ ದಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1961ರಲ್ಲಿಯೇ ತೀರ್ಪು ನೀಡಿದೆ. ಎರಡನೆಯದು, ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ, ಆ ಪುಸ್ತಕದಲ್ಲಿ ಹಿತಾಸಕ್ತಿಯುಳ್ಳ ಯಾರಾದರೂ ಹೈಕೋರ್ಟಿಗೆ ಹೋಗಬಹುದು. ಅಲ್ಲಿ ಮೂವರಿಗೆ ಕಡಿಮೆಯಿಲ್ಲದ ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ಕೇಳಬೇಕು. ಈ 'ಯಾರಾದರೂ' ಎಂಬ ಮಾತಿನಲ್ಲಿ ಲೇಖಕನಷ್ಟೇ ಅಲ್ಲ, ಓದುಗನೂ ಸೇರಬಹುದು. 'ಧರ್ಮಕಾರಣ'ದ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಸಾಹಿತಿ ಬರಗೂರು ರಾಮಚಂದ್ರಪ್ಪನವರೂ ಇದ್ದರು. ಆದುದರಿಂದಲೇ ಕಾನೂನು ವರದಿಗಳಲ್ಲಿ ಈ ಪ್ರಕರಣ ಲೇಖಕರ ಹೆಸರಿನಲ್ಲಿಲ್ಲ. 'ಬರಗೂರು ರಾಮಚಂದ್ರಪ್ಪ ಮತ್ತು ಇತರರು ವಿರುದ್ಧ ಕರ್ನಾಟಕ ಸರ್ಕಾರ' ಎಂದಿದೆ. ಪುಸ್ತಕದ ಹೆಸರನ್ನೋ ಬರೆದವರ ಹೆಸರನ್ನೋ ಹಿಡಿದು ಹುಡುಕುವ ಸಂಶೋಧಕನಿಗೆ ತೀರ್ಪು ಬೇಗ ಕೈಗೆ ಸಿಕ್ಕದಿರುವುದಕ್ಕೆ ಇದೂ ಒಂದು ಕಾರಣ.

ಹೈಕೋರ್ಟಿನಲ್ಲಿ ಅವರಿಗೆ ಜಯ ದೊರೆಯಲಿಲ್ಲ. ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಮೂರ್ತಿ ಬಿ. ಪಿ. ಸಿಂಗ್ ಮತ್ತು ನ್ಯಾಯಮೂರ್ತಿ ಹರ್ಜಿತ್ ಸಿಂಗ್ ಬೇಡಿ ಅವರ ಪೀಠ 2007ರ ಮೇ 2ರಂದು ಮೇಲ್ಮನವಿಯನ್ನು ವಜಾಗೊಳಿಸಿತು. ಪುಸ್ತಕ ಹೊರಬಂದು ಹನ್ನೆರಡು ವರ್ಷಗಳಾಗಿದ್ದವು. ವಾಕ್ ಸ್ವಾತಂತ್ರ್ಯ ಕಡಿವಾಣವಿಲ್ಲದ್ದಲ್ಲ, ಭಾಷೆ, ಸಂಸ್ಕೃತಿ, ಮತಗಳಲ್ಲಿ ಇಷ್ಟೊಂದು ಭೇದವಿರುವ ದೇಶದಲ್ಲಿ ಇನ್ನೊಬ್ಬರ ಶ್ರದ್ಧೆಯ ಮೇಲೆ ದುರುದ್ದೇಶದ ಟೀಕೆಯನ್ನು ಒಪ್ಪಲಾಗದು ಎಂಬುದು ತೀರ್ಪಿನ ಒಟ್ಟು ಧೋರಣೆ. ಸರ್ಕಾರದ ಅಭಿಪ್ರಾಯ ತಪ್ಪೆಂದು ತೋರಿಸುವ ಹೊಣೆ ನ್ಯಾಯಾಲಯಕ್ಕೆ ಬಂದ ಅರ್ಜಿದಾರರದು ಎಂಬ ತತ್ತ್ವವನ್ನೂ ಅದು ಎತ್ತಿಹಿಡಿಯಿತು.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಅದೇ 2007ರ ಏಪ್ರಿಲ್‌ನಲ್ಲಿ, ಅಂದರೆ ಒಂದು ತಿಂಗಳೂ ತುಂಬದ ಅಂತರದಲ್ಲಿ, ಶಿವಾಜಿಯನ್ನು ಕುರಿತ ಜೇಮ್ಸ್ ಲೇನ್ ಅವರ ಪುಸ್ತಕದ ಸಂಬಂಧ ಹೂಡಿದ್ದ ಕ್ರಿಮಿನಲ್ ಮೊಕದ್ದಮೆಯನ್ನು ಇದೇ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತ್ತು. ಅಲ್ಲೊಂದು ಇಲ್ಲೊಂದು ಖಾರವಾದ ವಾಕ್ಯವನ್ನು ಬಿಡಿಸಿ ತೆಗೆದು ದುರುದ್ದೇಶವನ್ನು ಸಾಧಿಸಲಾಗದು ಎಂಬುದು ಆ ತೀರ್ಪು. ಅಲ್ಲಿಯೂ ಆಕ್ಷೇಪದ ಮೂಲ ಒಬ್ಬ ಪೂಜ್ಯ ಪುರುಷನ ತಾಯಿಯ ಶೀಲಕ್ಕೆ ಸಂಬಂಧಿಸಿದ ಮಾತೇ ಆಗಿತ್ತು. ಎರಡು ತೀರ್ಪುಗಳು ಒಂದನ್ನೊಂದು ಅಲ್ಲಗಳೆಯುತ್ತವೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವವಾಗಿ ಪ್ರಶ್ನೆಗಳೇ ಬೇರೆ. ಮನುಷ್ಯನನ್ನು ಸೆರೆಗೆ ಹಾಕಬೇಕಾದರೆ ಅವನ ದುರುದ್ದೇಶವನ್ನು ಸರ್ಕಾರ ತೋರಿಸಬೇಕು. ಪುಸ್ತಕವನ್ನು ಸೆರೆಗೆ ಹಾಕಿದ ಮೇಲೆ ಅದು ನಿರ್ದೋಷಿಯೆಂದು ಪುಸ್ತಕದ ಪರವಾದವರು ತೋರಿಸಬೇಕು. ಕಾನೂನಿನಲ್ಲಿ ಪುಸ್ತಕಕ್ಕಿಂತ ಮನುಷ್ಯನಿಗೆ ರಕ್ಷಣೆ ಹೆಚ್ಚು, ಅದು ಸರಿಯೇ. ಆದರೆ ಪುಸ್ತಕಕ್ಕೆ ಇರುವ ರಕ್ಷಣೆ ಬಹಳ ಕಡಿಮೆ ಎಂಬುದೂ ಇದರಿಂದ ತಿಳಿಯುತ್ತದೆ. ಲೇನ್ ಅವರ ಪುಸ್ತಕವನ್ನು ಮುಟ್ಟುಗೋಲು ಹಾಕಿದ ಮಹಾರಾಷ್ಟ್ರದ ಆಜ್ಞೆಯನ್ನು ಮುಂಬಯಿ ಹೈಕೋರ್ಟ್ ರದ್ದುಮಾಡಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 'ಧರ್ಮಕಾರಣ'ಕ್ಕೆ ಅಂತಹ ಅದೃಷ್ಟ ಇರಲಿಲ್ಲ.

ನಿಷಿದ್ಧ ಪುಸ್ತಕವೊಂದರ ಚರಿತ್ರೆಯನ್ನು ಬರೆಯಹೊರಟವನ ಕಷ್ಟ ವಿಚಿತ್ರವಾದದ್ದು. ಬೇರೆ ಪುಸ್ತಕಗಳ ವಿಷಯದಲ್ಲಿ ಮೊದಲು ಪುಸ್ತಕ, ಆಮೇಲೆ ಅದರ ಬಗೆಗಿನ ಮಾತು. ಇಲ್ಲಿ ಮಾತೇ ಮೊದಲು ಸಿಕ್ಕುತ್ತದೆ. ಪ್ರತಿಭಟನೆಯ ವರದಿಗಳು, ಹೇಳಿಕೆಗಳು, ಸಂಪಾದಕೀಯಗಳು, ನ್ಯಾಯಾಲಯದ ಕಡತ, ಇವೆಲ್ಲ ಉಳಿದಿರುತ್ತವೆ. ಪುಸ್ತಕ ಮಾತ್ರ ಅವುಗಳಲ್ಲಿ ಉಲ್ಲೇಖವಾದ ನಾಲ್ಕು ಸಾಲುಗಳಷ್ಟು ಕುಗ್ಗಿರುತ್ತದೆ. ಆ ನಾಲ್ಕು ಸಾಲುಗಳನ್ನು ಆರಿಸಿದವರು ಅದನ್ನು ದೂರಿದವರು. ಇಡೀ ಕೃತಿಯನ್ನು ಓದದವನು ಅದನ್ನು ಖಂಡಿಸಿದರೂ ಸಮರ್ಥಿಸಿದರೂ ಎರಡೂ ಸಮಾನವಾಗಿ ನಿರಾಧಾರ. ಇನ್ನೂ ಒಂದು ವ್ಯಂಗ್ಯವಿದೆ. ಆಧಾರಗಳನ್ನು ಹೇಳಲೇಬೇಕೆಂಬ ನಿಯಮದಿಂದಾಗಿ, ಜನರ ಕಣ್ಣಿಗೆ ಬೀಳಬಾರದೆಂದು ಸರ್ಕಾರ ಬಯಸುವ ವಿಷಯದ ಸಾರವನ್ನು ಸರ್ಕಾರವೇ ತನ್ನ ರಾಜ್ಯಪತ್ರದಲ್ಲಿ ಅಚ್ಚುಮಾಡಬೇಕಾಗುತ್ತದೆ. ಕೆಲವು ಸಾವಿರ ಓದುಗರ ಕೈಯಲ್ಲಿ ಮೆಲ್ಲನೆ ಹಳತಾಗಿ ಹೋಗುತ್ತಿದ್ದ ಮಾತು ದೇಶದ ಎಲ್ಲ ನ್ಯಾಯಗ್ರಂಥಾಲಯಗಳಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ಯಾರ ಗೌರವವನ್ನು ಕಾಯಲು ಇದೆಲ್ಲ ನಡೆಯಿತೋ ಆ ಮಾತೃಸ್ವರೂಪಿಣಿಯ ಹೆಸರು ಮತ್ತೆ ಮತ್ತೆ ಅದೇ ಪ್ರಸ್ತಾಪದೊಡನೆ ಉಚ್ಚಾರವಾಗುತ್ತದೆ.

'ಧರ್ಮಕಾರಣ' ಒಂಟಿಯಾದ ಪ್ರಕರಣವೂ ಅಲ್ಲ. ಎಂ. ಎಂ. ಕಲಬುರ್ಗಿಯವರು 'ಮಾರ್ಗ' ಸಂಪುಟದಲ್ಲಿ ನೀಲಾಂಬಿಕೆ ಮತ್ತು ಚೆನ್ನಬಸವಣ್ಣನವರನ್ನು ಕುರಿತು ಬರೆದ ಲೇಖನಗಳ ಮೇಲೆ ವಿರೋಧ ಎದ್ದು, 1989ರಲ್ಲಿ ಅವರು ತಮ್ಮ ಮಾತುಗಳನ್ನು ಹಿಂತೆಗೆದುಕೊಂಡರು. ಅಲ್ಲಿ ಸರ್ಕಾರದ ಆಜ್ಞೆಯೇ ಬೇಕಾಗಲಿಲ್ಲ. ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕ ಪಠ್ಯವಾಗಿದ್ದಾಗ 1990ರ ದಶಕದಲ್ಲಿ ಅದರ ಮೇಲೂ ಆಕ್ಷೇಪ ಬಂದಿತು. ಬಂಜಗೆರೆ ಜಯಪ್ರಕಾಶರ 'ಆನು ದೇವಾ ಹೊರಗಣವನು' 2007ರಲ್ಲಿ ವಿವಾದಕ್ಕೆ ಗುರಿಯಾಯಿತು. ನಾಲ್ಕರಲ್ಲಿ ಒಂದು ಸಂಶೋಧನೆ, ಒಂದು ಕಾದಂಬರಿ, ಒಂದು ನಾಟಕ, ಒಂದು ವಿಮರ್ಶಾತ್ಮಕ ಚರಿತ್ರೆ. ಬರವಣಿಗೆಯ ಜಾತಿ ಯಾವುದಾದರೂ ಕೆರಳುವ ಸ್ಥಾನ ಒಂದೇ: ಹನ್ನೆರಡನೆಯ ಶತಮಾನದ ಕಲ್ಯಾಣ.

ಜೈನರ ವಿಷಯ ಬರುವುದು ಇಲ್ಲಿಯೇ. ಕಲ್ಯಾಣದ ಕಥೆಯನ್ನು ವೀರಶೈವ ಕವಿಗಳಷ್ಟೇ ಹೇಳಲಿಲ್ಲ. ಹರಿಹರನ ರಗಳೆ, 1369ರ ಭೀಮಕವಿಯ ಬಸವಪುರಾಣ, 1584ರ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಇವು ಒಂದು ಪರಂಪರೆ. ಇವುಗಳಿಗೆ ಪ್ರತಿಯಾಗಿ ಸುಮಾರು 1650ರಲ್ಲಿ ಧರಣಿಪಂಡಿತನೆಂಬ ಜೈನ ಕವಿ 'ಬಿಜ್ಜಳರಾಯ ಚರಿತೆ'ಯನ್ನು ಬರೆದನು. ಅದರಲ್ಲಿ ಬಸವಣ್ಣನವರಿಗೆ ಪದ್ಮಾವತಿಯೆಂಬ ಸೋದರಿ ಇರುತ್ತಾಳೆ. ಬಿಜ್ಜಳನು ಅವಳ ರೂಪಕ್ಕೆ ಮರುಳಾಗಿ ಅವಳನ್ನು ಕೈಹಿಡಿಯುತ್ತಾನೆ. ಆ ಮೋಹದಲ್ಲಿ ರಾಜ್ಯದ ಕಾರ್ಯವನ್ನು ಮರೆಯುತ್ತಾನೆ. ಅವಳ ಅಣ್ಣ ಅಧಿಕಾರವನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಕೊನೆಗೆ ಭೀಮಾ ತೀರದಲ್ಲಿ ವಿಷದ ಹಣ್ಣಿನಿಂದ ರಾಜನ ಮರಣ. ವೀರಶೈವ ಪುರಾಣಗಳ ಪ್ರಕಾರವಾದರೋ ಶರಣರ ಮೇಲೆ ಘೋರ ಶಿಕ್ಷೆ ವಿಧಿಸಿದ ಬಿಜ್ಜಳನನ್ನು ಜಗದೇವ ಮತ್ತು ಅವನ ಸಂಗಡಿಗರು ಕೊಲ್ಲುತ್ತಾರೆ.

ಎಂದರೆ, 1995ರಲ್ಲಿ ಒಬ್ಬ ಕಾದಂಬರಿಕಾರರ ಮೇಲೆ ಬಂದ ಆರೋಪ ಯಾವುದೋ, ಅದೇ ಜಾತಿಯ ಮಾತನ್ನು ಮೂರೂವರೆ ಶತಮಾನದ ಹಿಂದೆ ಒಬ್ಬ ಜೈನ ಪಂಡಿತ ಕಾವ್ಯವಾಗಿ ಬರೆದಿದ್ದನು. ಪೂಜ್ಯರಾದ ಒಬ್ಬ ಮಹನೀಯರನ್ನು ಕೆಳಗಿಳಿಸಲು ಅವರ ಮನೆಯ ಹೆಣ್ಣುಮಗಳನ್ನು ಕಥೆಯ ಮುಂದೆ ತರುವುದು ಅವನಿಗೂ ಸುಲಭವಾದ ಉಪಾಯವಾಗಿ ಕಂಡಿತು. ಅವನಿಗೆ ಯಾವ ಆಧಾರವಿತ್ತು? ಘಟನೆ ನಡೆದದ್ದು ಅವನಿಗಿಂತ ಸುಮಾರು ಐದು ಶತಮಾನಗಳ ಹಿಂದೆ. ಸೋದರಿಯ ಹೆಸರು ಕೂಡ ಶರಣ ಪರಂಪರೆ ಹೇಳುವ ಹೆಸರಿಗೆ ಹೊಂದುವುದಿಲ್ಲ. ಶಾಸನಗಳಿಂದ ತಿಳಿಯುವ ಮಟ್ಟಿಗೆ ಬಿಜ್ಜಳನು 1167ರ ಸುಮಾರಿಗೆ ತನ್ನ ಮಗ ಸೋವಿದೇವನಿಗೆ ಅಧಿಕಾರವನ್ನು ಒಪ್ಪಿಸಿದನು. ಜೈನ ಕಾವ್ಯದ ವಿಷಪ್ರಯೋಗಕ್ಕಾಗಲೀ ವೀರಶೈವ ಪುರಾಣದ ಕೊಲೆಗಾಗಲೀ ಶಾಸನದಲ್ಲಿ ನೇರವಾದ ಬೆಂಬಲವಿಲ್ಲ. ಬಿಜ್ಜಳನು ಜೈನನಾಗಿದ್ದನೆಂಬುದೇ ವಿದ್ವಾಂಸರಲ್ಲಿ ವಿವಾದಾಸ್ಪದ. ಆತ ನಮ್ಮವನೆಂದು ಹಿಗ್ಗುವ ಮನೆಗಳು ಇಂದಿಗೂ ಇವೆ. ಹಿಗ್ಗುವ ಮೊದಲು ಕಳಚುರಿ ಶಾಸನಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ಜೈನರಿಗೂ ನೋವಿಗೆ ಕಾರಣಗಳಿವೆ, ಅದನ್ನು ಮರೆಮಾಚಬೇಕಾದುದಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯ ಜೈನರೊಡನೆ ಪಣತೊಟ್ಟು ತಲೆಯನ್ನರಿದುಕೊಂಡು ಶಿವನಿಗೆ ಅರ್ಪಿಸಿದ, ಏಳು ದಿನಗಳ ಬಳಿಕ ಮರಳಿ ಪಡೆದ, ಬಳಿಕ ಜಿನಬಿಂಬವನ್ನು ಕೆಡಹಿದ ಎಂದು ಅದು ಹೇಳುತ್ತದೆ. ಜೈನರು ಬಿಜ್ಜಳನ ಬಳಿ ದೂರು ಒಯ್ದಾಗ ಬಿಜ್ಜಳನು ರಾಮಯ್ಯನಿಗೇ ಜಯಪತ್ರ ಕೊಟ್ಟನಂತೆ. ಈ ಪ್ರಸಂಗದ ಶಿಲ್ಪಗಳನ್ನು ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಕಾಣಬಹುದು. ತಲೆ ಮರಳಿ ಬಂದ ಪವಾಡವನ್ನು ಇತಿಹಾಸವೆಂದು ಯಾರೂ ಒಪ್ಪಬೇಕಾಗಿಲ್ಲ. ಆದರೆ ಬಸದಿಗೆ ಹಾನಿಯಾದುದನ್ನು ಗೆಲುವೆಂದು ಕಲ್ಲಿನಲ್ಲಿ ಬರೆಸಿದ್ದು ಸತ್ಯ. ಆ ಶಾಸನವನ್ನು ಒಡೆದುಹಾಕಿದ್ದರೆ ಜೈನರಿಗೆ ತಮ್ಮ ನಷ್ಟದ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ನೋಯಿಸುವ ಬರಹವೇ ನೊಂದವನ ದಾಖಲೆಯೂ ಆಗುವುದು ಇತಿಹಾಸದಲ್ಲಿ ಅಪರೂಪವಲ್ಲ. ಹಾಗೆ ನೋಡಿದರೆ 'ಬಿಜ್ಜಳರಾಯ ಚರಿತೆ'ಯೂ ಹನ್ನೆರಡನೆಯ ಶತಮಾನಕ್ಕೆ ಸಾಕ್ಷಿಯಲ್ಲ, ಹದಿನೇಳನೆಯ ಶತಮಾನದ ಜೈನರು ಎಷ್ಟು ಕುಗ್ಗಿದ್ದರು, ಎಷ್ಟು ಕಹಿಯಾಗಿದ್ದರು ಎಂಬುದಕ್ಕೆ ಸಾಕ್ಷಿ. ಅದನ್ನು ಬಚ್ಚಿಡುವುದೂ ತಪ್ಪು, ಅದನ್ನು ಪ್ರಮಾಣವೆಂದು ಸಭೆಯಲ್ಲಿ ಓದುವುದೂ ತಪ್ಪು.

ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಎರಡು ಈ ಪ್ರಕರಣಕ್ಕೆ ನೇರವಾಗಿ ತಾಗುತ್ತವೆ. ಒಂದು ರಹೋಭ್ಯಾಖ್ಯಾನ, ಸ್ತ್ರೀಪುರುಷರ ಏಕಾಂತದ ವಿಷಯವನ್ನು ಹೊರಗೆ ಹಾಕುವುದು. ಇನ್ನೊಂದು ಕೂಟಲೇಖಕ್ರಿಯೆ, ಇಲ್ಲದ್ದನ್ನು ಇದೆಯೆಂದು ಬರೆಯುವುದು. ಗಮನಿಸಬೇಕಾದುದೆಂದರೆ ರಹೋಭ್ಯಾಖ್ಯಾನದಲ್ಲಿ ಹೇಳಿದ ಮಾತು ನಿಜವಾಗಿದ್ದರೂ ದೋಷವೇ. ಸತ್ಯವ್ರತದ ಅತಿಚಾರಗಳ ಪಟ್ಟಿಯಲ್ಲಿ ಸತ್ಯವಾದ ಮಾತೊಂದು ಸೇರಿರುವುದು ಆಚಾರ್ಯರ ಸೂಕ್ಷ್ಮದೃಷ್ಟಿಗೆ ನಿದರ್ಶನ. ಈ ಅಳತೆಗೋಲಿನಲ್ಲಿ ಧರಣಿಪಂಡಿತ ಎರಡು ಕಡೆಯೂ ಸಿಕ್ಕಿಬೀಳುತ್ತಾನೆ. ಕಾದಂಬರಿಕಾರನ ವಿಷಯ ಅಷ್ಟು ಸರಳವಲ್ಲ. ಕಾದಂಬರಿ ತಾನು ಕಲ್ಪನೆಯೆಂದು ಮುಖಪುಟದಲ್ಲಿಯೇ ಒಪ್ಪಿಕೊಂಡು ಬರುತ್ತದೆ. ಮರೆಯಲ್ಲಿದ್ದ ಪೂರ್ವಜರನ್ನು ಮನುಷ್ಯರನ್ನಾಗಿ ಕಾಣುವ ಹಂಬಲ ಅದರ ಸ್ವಭಾವ. ಆದರೆ ಎಂಟು ನೂರು ವರ್ಷಗಳಿಂದ ಜನ ತಾಯಿಯೆಂದು ಕರೆದವರನ್ನು ಕಲ್ಪನೆಯ ಪಾತ್ರವೆಂದು ಓದುವ ಅಭ್ಯಾಸ ಭಕ್ತರಿಗೆ ಇರುವುದಿಲ್ಲ. ಅವರಿಗೆ ಅಡಿಟಿಪ್ಪಣಿ ಬೇಕು, ಕಾದಂಬರಿಯಲ್ಲಿ ಅಡಿಟಿಪ್ಪಣಿ ಇರುವುದಿಲ್ಲ. ನಾಗಲಾಂಬಿಕೆಯವರ ಪರವಾಗಿ ನೊಂದವರ ನೋವು ಕೃತಕವೆಂದು ಹೇಳುವುದು ಸುಲಭ, ನ್ಯಾಯವಲ್ಲ. ಅತಿಚಾರಕ್ಕೆ ಶಾಸ್ತ್ರ ವಿಧಿಸುವುದು ಪ್ರತಿಕ್ರಮಣವನ್ನು, ಆಡಿದವನು ತಾನಾಗಿ ಮಾಡಿಕೊಳ್ಳುವ ಆಲೋಚನೆಯನ್ನು. ವ್ರತಭಂಗಕ್ಕೆ ರಾಜಾಜ್ಞೆಯಿಂದ ಓಲೆಯನ್ನು ವಶಪಡಿಸಿಕೊಳ್ಳುವ ಕ್ರಮ ಶ್ರಾವಕಾಚಾರಗಳಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ರಾಜನಿಗೆ ಕೆಲಸವೇ ಇಲ್ಲವೇ? ಇದೆ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನವಿಸಿದರು. ದೊರೆ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೂ ಸಲ್ಲತಕ್ಕದ್ದೆಂದು ಆಜ್ಞೆ ಮಾಡಿದನು. ಶ್ರವಣಬೆಳಗೊಳದಲ್ಲಿಯೂ ಮಾಗಡಿಯ ಬಳಿಯ ಕಲ್ಯದಲ್ಲಿಯೂ ಆ ಶಾಸನ ನಿಂತಿದೆ. ಅದರ ವ್ಯವಸ್ಥೆ ಬಹು ವಿವರವಾದದ್ದು. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ ಕೂಡಿಸಬೇಕು. ಅದರಿಂದ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಾಳುಗಳನ್ನು ಇಡಬೇಕು. ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಕಾವಲನ್ನು ಇಡಿಸುವ ಹೊಣೆ ವೈಷ್ಣವನ ಮೇಲೆ! ಅಂದು ಎರಡೂ ಪಂಥಗಳಲ್ಲಿ ಪರಸ್ಪರರನ್ನು ಹಳಿಯುವ ಗ್ರಂಥಗಳಿಗೆ ಕೊರತೆಯಿರಲಿಲ್ಲ. ಆದರೆ ದೊರೆ ಕಾಯಲು ಹೊರಟದ್ದು ಪೂಜೆಯ ಹಕ್ಕನ್ನು, ದೇವಾಲಯದ ಗೋಡೆಯನ್ನು, ಮನುಷ್ಯರ ಪ್ರಾಣವನ್ನು. ಗ್ರ೦ಥಗಳ ಮಾತನ್ನು ಆ ಶಾಸನ ಎತ್ತುವುದೇ ಇಲ್ಲ.

ಪುಸ್ತಕವನ್ನು ಮುಚ್ಚಿಡುವುದು ಸರ್ಕಾರಗಳ ಕೆಲಸ ಮಾತ್ರವೆಂದು ತಿಳಿಯುವುದೂ ಸರಿಯಲ್ಲ. ಬಸದಿಗಳ ಆಡಳಿತ ಹೊತ್ತವರಿಗೆ ಇದು ಗೊತ್ತಿದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಧವಲ, ಜಯಧವಲ ಓಲೆಗಳು ಶತಮಾನಗಳ ಕಾಲ ದರ್ಶನಕ್ಕಿದ್ದವೇ ಹೊರತು ಓದಿಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲು ಆರಂಭವಾಯಿತು. ಒಂದು ಪ್ರತಿ ಗುಟ್ಟಾಗಿ ಉತ್ತರ ದೇಶಕ್ಕೆ ಹೋಯಿತು. ಅದರಿಂದಾಗಿಯೇ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ 1939ರಲ್ಲಿ ಅಚ್ಚಾಗಲು ಸಾಧ್ಯವಾಯಿತು. ಗೃಹಸ್ಥರಿಗೆ ಸಿದ್ಧಾಂತ ಗ್ರಂಥವನ್ನು ಓದುವ ಅಧಿಕಾರವಿಲ್ಲವೆಂದು ಅಂದು ಪಂಡಿತರೇ ವಾದಿಸಿದರು. ಕೃತಿ ಹೊರಬಂದ ಮೇಲೆ ಮತ್ತೊಂದು ಜಗಳ. ಮೊದಲ ಖಂಡದ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಇರಬೇಕೆಂದು ಸಂಪಾದಕರು ಸೂಚಿಸಿದರು. ಕೈಗೆ ಸಿಕ್ಕ ನಕಲಿನಲ್ಲಿ ಅದು ಇರಲಿಲ್ಲ. ಸ್ತ್ರೀಯರ ಗುಣಸ್ಥಾನಕ್ಕೆ ಸಂಬಂಧಿಸಿದ ಸೂತ್ರವಾದುದರಿಂದ ಆ ಒಂದು ಪದ ದಿಗಂಬರ ಸಿದ್ಧಾಂತಕ್ಕೆ ಬಾಧಕವಾದೀತೆಂಬ ಭಯ ಹುಟ್ಟಿತು. ಪದ ಬೇಡವೆಂದವರು, ಬೇಕೆಂದವರು ವರ್ಷಗಟ್ಟಲೆ ಬರೆದಾಡಿದರು. ಕೊನೆಗೆ ಮೂಡಬಿದಿರೆಯ ಓಲೆಗಳನ್ನೇ ಬಿಚ್ಚಿ ನೋಡಿದಾಗ ಪದ ಅಲ್ಲಿಯೇ ಇತ್ತು.

'ಧರ್ಮಕಾರಣ'ದ ಹೆಸರು ಈಗ ಸಾಹಿತ್ಯಚರ್ಚೆಗಿಂತ ಕಾನೂನಿನ ಪಾಠಗಳಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ಅದನ್ನು ಮುಟ್ಟುಗೋಲು ಹಾಕಿದ 95ನೆಯ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 98ನೆಯ ಕಲಮಾಗಿದೆ. ಆಧಾರವನ್ನು ಹೇಳಬೇಕೆಂಬ ನಿಯಮ, ಎರಡು ತಿಂಗಳ ಅವಧಿ, ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ, ಮೂರೂ ಹಾಗೆಯೇ ಮುಂದುವರಿದಿವೆ.